ಮೂರನೆಯ ಕೂಗು

ನ್ಯಾಯಾಲಯದ ಎರಡನೆಯ ಹಾಲಿನ ಬಾಗಿಲಲ್ಲಿ ನಿಂತು ಹೆಸರು ಕೂಗುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಅದನ್ನೇ ಮಾಡುತ್ತ ಬಂದಿದ್ದ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ವಕೀಲರಿಂದ ಹಿಡಿದು ಚಹದಂಗಡಿಯವನವರೆಗೆ ಎಲ್ಲರ ಬಾಯಲ್ಲೂ ಅವನು ಕಹಳೆ. ನೋಡಲು ಆಳು ಸಣ್ಣ, ಕುತ್ತಿಗೆ ಇನ್ನೂ ಸಣ್ಣ. ಆ ಕುತ್ತಿಗೆಯಿಂದ ಹೊರಡುವ ಸದ್ದು ಮಾತ್ರ ಮೂರು ಮಹಡಿ ಇಳಿದು, ಸೈಕಲ್ ನಿಲ್ಲಿಸುವ ಜಾಗ ದಾಟಿ, ರಸ್ತೆಯಾಚೆಯ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುವವನ ಲೆಕ್ಕ ತಪ್ಪಿಸುತ್ತಿತ್ತು. ಆ ಅಂಗಡಿಯವನು ಎಷ್ಟೋ ಸಲ ಬಂದು ಜಗಳ ಮಾಡಿ ಹೋಗಿದ್ದ.

ಕೋರ್ಟಿನ ನಿಯಮದ ಪ್ರಕಾರ ಪ್ರತಿ ಹೆಸರನ್ನೂ ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ಆಸಾಮಿ ಬರದಿದ್ದರೆ ಒಳಗೆ ಗುಮಾಸ್ತ ಗೈರುಹಾಜರು ಎಂದು ಬರೆಯುತ್ತಾನೆ, ನ್ಯಾಯಾಧೀಶರು ವಾರಂಟಿಗೆ ಸಹಿ ಹಾಕುತ್ತಾರೆ, ಪೊಲೀಸರು ಹೋಗಿ ಹಿಡಿದು ತರುತ್ತಾರೆ. ಮೂರು ಕೂಗೂ ಒಂದರ ಬೆನ್ನಿಗೆ ಒಂದು ಬರಬೇಕು ಎನ್ನುತ್ತದೆ ನಿಯಮ. ಕಹಳೆಯ ಲೆಕ್ಕವೇ ಬೇರೆ. ಮೊದಲ ಕೂಗು ಬಾಗಿಲಿಗೆ, ಎರಡನೆಯದು ಮೆಟ್ಟಿಲಿಗೆ. ಆಗಲೂ ಯಾರೂ ಓಗೊಡದಿದ್ದರೆ ಗಂಟಲು ಸರಿಮಾಡಿಕೊಳ್ಳುವವನಂತೆ ಎರಡು ಸಲ ಕೆಮ್ಮಿ ಮೆಲ್ಲಗೆ ಹೊರಗೆ ಜಾರಿಕೊಳ್ಳುತ್ತಿದ್ದ. ಚಹದಂಗಡಿಯ ಬೆಂಚು, ಜೆರಾಕ್ಸ್ ಅಂಗಡಿ, ಶೌಚಾಲಯದ ಸಾಲು, ಮೆಟ್ಟಿಲ ಕೆಳಗೆ ಅರ್ಜಿ ಟೈಪ್ ಮಾಡುವವರ ಮೇಜು, ಇಷ್ಟನ್ನು ಒಂದು ಸುತ್ತು ಹಾಕಿದರೆ ಆಸಾಮಿ ಸಿಕ್ಕೇ ಸಿಗುತ್ತಿದ್ದ. ಸರದಿ ಹತ್ತಿರ ಬರುವ ಹೊತ್ತಿಗೆ ಎಂಥವರಿಗೂ ಹೊಟ್ಟೆ ಕೆಡುತ್ತದೆ. ಬೆಳಗ್ಗೆ ಒಂಬತ್ತಕ್ಕೇ ಬಂದು ಬಾಗಿಲು ಕಾದವನು ಸರಿಯಾಗಿ ಹೆಸರು ಕೂಗುವ ಗಳಿಗೆಯಲ್ಲಿ ಎದ್ದು ಹೋಗಿರುತ್ತಾನೆ. ಅಂಥವನ ರಟ್ಟೆ ಹಿಡಿದು ಎಳೆದು ತಂದು, ಪಕ್ಕದಲ್ಲೇ ನಿಲ್ಲಿಸಿಕೊಂಡು, ಅವನ ಕಿವಿ ತೂತು ಬೀಳುವಂತೆ ಮೂರನೆಯ ಕೂಗು ಹಾಕುತ್ತಿದ್ದ. ಆಮೇಲೆ ತನ್ನ ಪುಸ್ತಕದಲ್ಲಿ ಮೂರೂ ಕೂಗಿಗೆ ಒಂದೇ ಹೊತ್ತು ಬರೆದು ಸಹಿ ಮಾಡುತ್ತಿದ್ದ. ಅಷ್ಟು ಹೊತ್ತೂ ಒಳಗೆ ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸುತ್ತ ಕೂತಿರುವುದು ತನ್ನ ಅದೃಷ್ಟ ಎಂದೇ ಅವನು ತಿಳಿದಿದ್ದ.

ಹೀಗಿರುವಾಗ ಖರ್ಚು ಕಡಿತದ ಯೋಜನೆ ಬಂತು. ಅದರ ಜೊತೆ ಬಂದವಳು ಬೋರ್ಡಮ್ಮ. ಆ ಹೆಸರಿಟ್ಟವನು ಕಹಳೆಯೇ, ಅದೂ ಬೆನ್ನ ಹಿಂದೆ, ಎದುರಿಗೆ ಮೇಡಂ. ಕಂಪ್ಯೂಟರ್ ಓದಿದವಳು, ಇನ್ನೂ ಮೂವತ್ತು ತುಂಬಿಲ್ಲ, ಹೆಗಲ ಚೀಲದ ಬಾಯಲ್ಲಿ ಸದಾ ನಾಲ್ಕು ವೈರು ಇಣುಕುತ್ತಿದ್ದವು. ಮೊದಲ ದಿನವೇ ಸಿಬ್ಬಂದಿಯನ್ನೆಲ್ಲ ಕೂರಿಸಿಕೊಂಡು ವಿಷಯ ತಿಳಿಸಿದಳು. ಒಬ್ಬ ಆರೋಪಿ ತಾರೀಖಿಗೆ ಬರದಿದ್ದರೆ ಅವನನ್ನು ತರಲು ಇಬ್ಬರು ಪೊಲೀಸರು, ಒಂದು ಗಾಡಿ, ಅದಕ್ಕೆ ಡೀಸೆಲ್, ಲಾಕಪ್ಪಿನ ಊಟ, ವೈದ್ಯರ ತಪಾಸಣೆ, ಸುಮ್ಮನೆ ಬಂದು ಹೋದ ಸಾಕ್ಷಿಗಳ ಭತ್ಯೆ. ಎಲ್ಲ ಕೂಡಿಸಿದರೆ ಎಷ್ಟೋ ಕೇಸಿನಲ್ಲಿ ಕದ್ದ ಮಾಲಿಗಿಂತ ಕಳ್ಳನನ್ನು ಕರೆತರುವ ಖರ್ಚೇ ಹೆಚ್ಚು. ಇನ್ನು ಮೇಲೆ ಹಿಂದಿನ ದಿನವೇ ಎಲ್ಲರ ಫೋನಿಗೆ ಸಂದೇಶ ಹೋಗುತ್ತದೆ. ಬಾಗಿಲ ಮೇಲೆ ದೀಪದ ಬೋರ್ಡು ಬರುತ್ತದೆ, ಹೆಸರು ಮೂರು ಸಲ ಮಿನುಗುತ್ತದೆ. ಬರದವರಿಗೆ ಯಂತ್ರವೇ ಗೈರುಹಾಜರಿ ಹಾಕಿ, ಸಾಹೇಬರ ಸಹಿ ಸಮೇತ ವಾರಂಟು ಅಚ್ಚುಮಾಡಿ ಠಾಣೆಗೆ ಕಳಿಸುತ್ತದೆ. ಯಾರ ಗಂಟಲೂ ನೋಯಬೇಕಾಗಿಲ್ಲ ಎಂದು ಕಹಳೆಯ ಕಡೆ ನೋಡಿ ನಕ್ಕಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಕೆಲಸವೇನೂ ಹೋಗಲಿಲ್ಲ. ಬೋರ್ಡಿನ ಕೆಳಗೆ ಒಂದು ಸ್ಟೂಲು ಹಾಕಿ, ಕೈಗೊಂದು ಹಳದಿ ಬಟ್ಟೆ ಕೊಟ್ಟರು. ಬೆಳಗ್ಗೆ ಬೋರ್ಡಿನ ಧೂಳು ಒರೆಸುವುದು, ಆಮೇಲೆ ಅದನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುವುದು. ಇಪ್ಪತ್ತೆಂಟು ವರ್ಷ ಬಾಯಿ ತೆರೆದದ್ದಕ್ಕೆ ಸಂಬಳ ಪಡೆದವನಿಗೆ ಈಗ ಬಾಯಿ ಮುಚ್ಚಿಕೊಂಡದ್ದಕ್ಕೆ ಸಂಬಳ. ಪಿಂಚಣಿಗೆ ಇನ್ನೆರಡೇ ವರ್ಷ ಇತ್ತು, ಹಾಗಾಗಿ ಅವನು ತುಟಿ ಬಿಚ್ಚಲಿಲ್ಲ. ಕೋರ್ಟಿನಲ್ಲಿ ಉಳಿದದ್ದೆಲ್ಲ ಮನೆಯಲ್ಲಿ ಹೊರಟಿತು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರೆ, ಆರಡಿ ದೂರದಿಂದ ಒಂದು ಲೋಟ ನೀರಿಗೆ ಅವನು ಕೂಗುವ ರಭಸಕ್ಕೆ ಅವಳ ಹೊಲಿಗೆ ಅಡ್ಡ ಹೋಗುತ್ತಿತ್ತು. ಮೂರು ಕುಪ್ಪಸ ಹಾಳಾದ ಮೇಲೆ ಅವಳು, ದಿನಾ ಸಂಜೆ ಅರ್ಧ ಗಂಟೆ ತಾರಸಿ ಹತ್ತಿ ಯಾರ ಹೆಸರನ್ನಾದರೂ ಕೂಗಿ ಇಳಿದು ಬನ್ನಿ ಎಂದು ಅಪ್ಪಣೆ ಮಾಡಿದಳು. ಬೀದಿಯವರು ಒಪ್ಪದ ಕಾರಣ ಆ ಏರ್ಪಾಡು ಎರಡೇ ದಿನಕ್ಕೆ ನಿಂತಿತು.

ಮೊದಲ ತಿಂಗಳು ಮುಗಿಯುತ್ತಲೇ ಒಂದು ಸೋಜಿಗ ನಡೆಯಿತು. ಎರಡನೆಯ ಹಾಲಿನಲ್ಲಿ ತಿಂಗಳಿಗೆ ಹನ್ನೆರಡಕ್ಕೆ ಮೇಲೆ ಗೈರುಹಾಜರಿ ಆದದ್ದೇ ಇಲ್ಲ. ಬೋರ್ಡು ಬಂದ ತಿಂಗಳು ನಲವತ್ತೊಂದು. ಎರಡನೆಯ ತಿಂಗಳಲ್ಲಿ ಇಪ್ಪತ್ತು ದಿನಕ್ಕೇ ಐವತ್ಮೂರು. ಯಂತ್ರ ವಾರಂಟಿನ ಮೇಲೆ ವಾರಂಟು ಅಚ್ಚು ಹಾಕುತ್ತಿತ್ತು. ಠಾಣೆಯವರು ಗಾಡಿ ಸಾಲದು, ಜನ ಸಾಲದು ಎಂದು ಗೋಳಾಡಿದರು. ಖರ್ಚು ಇಳಿಸಲು ಬಂದ ಯೋಜನೆ ಖರ್ಚನ್ನು ನಾಲ್ಕು ಪಟ್ಟು ಮಾಡಿ ಕೂತಿತ್ತು. ಬೋರ್ಡಮ್ಮ ತಲೆ ಕೆರೆದುಕೊಂಡಳು. ಅಕ್ಷರ ದಪ್ಪ ಮಾಡಿದಳು, ಕೆಂಪು ದೀಪ ತೆಗೆದು ಹಸಿರು ಹಾಕಿದಳು, ಹೆಸರು ಬದಲಾದಾಗ ಟಿಂಗ್ ಎನ್ನುವ ಗಂಟೆ ಸೇರಿಸಿದಳು. ಜನ ಟಿಂಗ್ ಕೇಳಿ ತಮ್ಮ ತಮ್ಮ ಫೋನು ತೆಗೆದು ನೋಡಿಕೊಂಡರು.

ಕಹಳೆಗೆ ಹಾಲು ಕುಡಿದಷ್ಟು ಸಂತೋಷ. ದಿನದ ಕೊನೆಗೆ ಆ ದಿನದ ಗೈರುಹಾಜರಿ ಎಷ್ಟೆಂದು ಗುಮಾಸ್ತನನ್ನು ಕೇಳಿಕೊಂಡೇ ಮನೆಗೆ ಹೋಗುವನು. ಎಲ್ಲಿ ಎಡವಟ್ಟಾಗಿದೆ ಎಂದು ಅವನಿಗೆ ಮೊದಲ ವಾರವೇ ತಿಳಿದಿತ್ತು. ಬೋರ್ಡಿನ ಮೂರು ಮಿನುಗಿಗೆ ಹಿಡಿಯುವುದು ಅರ್ಧ ನಿಮಿಷ. ಅಷ್ಟರಲ್ಲಿ ಶೌಚಾಲಯದ ಸಾಲಿನಲ್ಲಿದ್ದವನಿಗೆ ಬಾಗಿಲು ಕೂಡ ಸಿಕ್ಕಿರುವುದಿಲ್ಲ. ಆದರೆ ಅದನ್ನು ಹೇಳುವುದೆಂದರೆ, ಇಷ್ಟು ವರ್ಷ ತಾನು ಮೂರನೆಯ ಕೂಗನ್ನು ತಡೆದು ಹಿಡಿದು ಪುಸ್ತಕದಲ್ಲಿ ಸುಳ್ಳು ಹೊತ್ತು ಬರೆದದ್ದನ್ನೂ ಹೇಳಬೇಕು. ವಿಚಾರಣೆ ನಡೆದರೆ ಪಿಂಚಣಿಗೇ ಕಲ್ಲು. ಅದಲ್ಲದೆ, ತಿಂಗಳ ಕೊನೆಗೆ ಬೋರ್ಡಮ್ಮ ಮೇಲಿನ ಕಚೇರಿಗೆ ವರದಿ ಕೊಡಬೇಕು, ಸಂಖ್ಯೆ ಇಳಿಯದಿದ್ದರೆ ಬೋರ್ಡುಗಳನ್ನು ಕಿತ್ತುಹಾಕುತ್ತಾರೆ ಎಂಬ ಸುದ್ದಿ ಇತ್ತು. ಹತ್ತು ದಿನ ಬಾಯಿಗೆ ಬೀಗ ಹಾಕಿಕೊಂಡರೆ ಬಾಗಿಲು ಮತ್ತೆ ತನ್ನದೇ.

ಆ ಹತ್ತು ದಿನದ ಮೊದಲನೆಯದು ಶನಿವಾರ, ಅರ್ಧ ದಿನದ ಕೋರ್ಟು. ಅಂದು ಇಸ್ತ್ರಿಯವಳ ತಾರೀಖಿತ್ತು. ರಸ್ತೆ ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುವ ಹೆಂಗಸು ಅವಳು. ನಾಲ್ಕು ವರ್ಷದ ಹಿಂದೆ ಗಾಡಿ ಎತ್ತಿಸಲು ಬಂದ ನಗರಸಭೆಯ ಅಧಿಕಾರಿಯ ಮೇಲೆ, ಬಟ್ಟೆಗೆ ಚಿಮುಕಿಸಲು ಇಟ್ಟ ನೀರನ್ನು ಚೊಂಬಿನ ಸಮೇತ ಎಸೆದಿದ್ದಳು. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ಕೇಸಾಯಿತು. ಅಧಿಕಾರಿಯ ಅಂಗಿ ಅಂದೇ ಒಣಗಿತು, ಕೇಸು ಇನ್ನೂ ಒಣಗಿರಲಿಲ್ಲ. ಹತ್ತೊಂಬತ್ತು ತಾರೀಖು ಕಳೆದಿದ್ದವು, ಒಂದಕ್ಕೂ ಅವಳು ತಪ್ಪಿಸಿದವಳಲ್ಲ. ಕಹಳೆಯನ್ನು ಅಣ್ಣ ಎಂದು ಕರೆಯುತ್ತಿದ್ದಳು, ಅವನ ಅಂಗಿಯ ಸುಕ್ಕು ನೋಡಿ ಅತ್ತಿಗೆಗೆ ಇಸ್ತ್ರಿ ಕಲಿಸಿಕೊಡಲಾ ಎಂದು ರೇಗಿಸುತ್ತಿದ್ದಳು.

ಅಂದೂ ಎಂಟೂವರೆಗೇ ಬಂದು ಬಾಗಿಲ ಎದುರಿನ ಗೋಡೆಗೆ ಒರಗಿ ನಿಂತಿದ್ದಳು. ಫೋನಿಗೆ ಬಂದ ಸಂದೇಶವನ್ನು ಪಕ್ಕದ ಅಂಗಡಿಯವಳು ಓದಿ ಹೇಳಿದ್ದಳಂತೆ. ಹನ್ನೊಂದು ಹತ್ತಕ್ಕೆ ಬೋರ್ಡಿನಲ್ಲಿ ಅವಳ ಹೆಸರು ಹಸಿರಾಗಿ ಮೂಡಿತು. ಅವಳು ತಲೆಯೆತ್ತಿ ಬೋರ್ಡನ್ನೇ ನೋಡುತ್ತಿದ್ದಳು. ಹೆಸರು ಆರಿತು, ಮತ್ತೆ ಮೂಡಿತು. ಅವಳು ನಿಂತಲ್ಲಿಂದ ಅಲುಗಲಿಲ್ಲ, ಚಂದದ ದೀಪ ನೋಡುವವರ ಹಾಗೆ ನೋಡುತ್ತಲೇ ಇದ್ದಳು. ಕಹಳೆಗೆ ಆಗ ಹೊಳೆಯಿತು. ಹತ್ತೊಂಬತ್ತು ಸಲವೂ ಇವಳು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ತನ್ನದೇ ಹೆಸರು ಮೂಗಿನ ಮುಂದೆ ಉರಿಯುತ್ತಿದ್ದರೂ ಅವಳಿಗೆ ಗೊತ್ತಾಗುವ ಬಗೆಯಿಲ್ಲ.

ಒಂದು ಮಾತು ಸಾಕಿತ್ತು. ಕೈಸನ್ನೆ ಮಾಡಿದ್ದರೂ ನಡೆಯುತ್ತಿತ್ತು. ಅವಳ ಹೆಸರು ಅವನ ಗಂಟಲವರೆಗೆ ಬಂತು. ಅದರ ಹಿಂದೆಯೇ ಐವತ್ಮೂರು ಎಂಬ ಸಂಖ್ಯೆಯೂ ಬಂತು, ಇನ್ನೊಂದು ಸೇರಿದರೆ ಐವತ್ನಾಲ್ಕು ಎಂಬುದೂ ಬಂತು. ಬೋರ್ಡು ಒರೆಸುವುದಷ್ಟೇ ನನ್ನ ಕೆಲಸ ಎಂದುಕೊಂಡ. ಹಳದಿ ಬಟ್ಟೆಯನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಹೆಸರು ಮೂರನೆಯ ಸಲ ಮಿನುಗಿ ಆರಿತು, ಟಿಂಗ್ ಎಂದು ಇನ್ನೊಬ್ಬನ ಹೆಸರು ಬಂತು.

ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಾಯಿರುವ ಹೆಂಗಸು, ಒಳಗೆ ಹೋಗಿ ಕೇಳಿಯೇ ಕೇಳುತ್ತಾಳೆ, ಗುಮಾಸ್ತ ಸರಿಮಾಡಿ ಕೊಡುತ್ತಾನೆ. ಕೋರ್ಟು ಮುಗಿಯುವ ಗಂಟೆ ಹೊಡೆದದ್ದೇ ತಡ, ಅವಳ ಕಡೆ ತಿರುಗದೆ ಸೈಕಲ್ ಏರಿದ. ಭಾನುವಾರವೆಲ್ಲ ಮನೆಯಲ್ಲಿ ಗಂಟಲೆತ್ತಲಿಲ್ಲ. ಗಂಡನಿಗೆ ಜ್ವರ ಬಂದಿರಬೇಕೆಂದು ಹೆಂಡತಿ ಹಣೆ ಮುಟ್ಟಿ ನೋಡಿದಳು.

ಸೋಮವಾರ ಬೆಳಗ್ಗೆ ಚಹದಂಗಡಿಯಲ್ಲಿ ಸುದ್ದಿ ಕಾದಿತ್ತು. ಶನಿವಾರ ಹಾಲಿಗೆ ಬೀಗ ಬೀಳುವವರೆಗೂ ಇಸ್ತ್ರಿಯವಳು ಅಲ್ಲೇ ನಿಂತಿದ್ದಳಂತೆ. ನನ್ನ ಸರದಿ ಬರಲೇ ಇಲ್ಲವಲ್ಲ ಎಂದು ಗೇಟಿನ ಪೊಲೀಸನನ್ನು ಕೇಳಿದಳಂತೆ. ಅವನು ಫೋನಿನಲ್ಲಿ ಅವಳ ಹೆಸರು ಹಾಕಿ ನೋಡಿದರೆ ವಾರಂಟು ಆಗಲೇ ಬಂದು ಕೂತಿದೆ. ಕೋರ್ಟಿಗೆ ಬಾರದ ತಪ್ಪಿಗೆ ಅವಳನ್ನು ಕೋರ್ಟಿನ ಗೇಟಿನಲ್ಲೇ ಹಿಡಿದರು. ನ್ಯಾಯಾಧೀಶರು ಮನೆಗೆ ಹೋಗಿಯಾಗಿತ್ತು, ಮರುದಿನ ರಜೆ, ಹೀಗೆ ಎರಡು ರಾತ್ರಿ ಲಾಕಪ್ಪಿನಲ್ಲಿ ಕಳೆದು, ಈಗಷ್ಟೇ, ಕೋರ್ಟು ಕೂರುವ ಮೊದಲೇ ನ್ಯಾಯಾಧೀಶರ ಕೋಣೆಯಲ್ಲಿ ವಾರಂಟು ರದ್ದಾಗಿ, ಮುಂದಿನ ತಾರೀಖು ಪಡೆದು ಹೋದಳಂತೆ. ಚಹದಂಗಡಿಯಲ್ಲಿ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಹಳೆ ಅರ್ಧ ಕುಡಿದ ಲೋಟವನ್ನು ಬೆಂಚಿನ ಮೇಲಿಟ್ಟು ಎದ್ದ. ನಾಚಿಕೆಯಾಯಿತು ಅವನಿಗೆ, ಇಪ್ಪತ್ತೆಂಟು ವರ್ಷದಲ್ಲಿ ಆಗದಷ್ಟು ನಾಚಿಕೆ.

ಸಂಜೆ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದ. ಪುಸ್ತಕದ ಸುಳ್ಳು ಹೊತ್ತು, ಬೋರ್ಡಿನ ಮೇಲಿನ ಹಗೆ, ಇಸ್ತ್ರಿಯವಳ ಹೆಸರು ಮೂರು ಸಲ ಮಿನುಗಿದ್ದು, ಒಂದನ್ನೂ ಬಿಡಲಿಲ್ಲ. ಹೆಂಡತಿ ಹೊಲಿಗೆ ನಿಲ್ಲಿಸಿ ಅವನ ಮುಖವನ್ನೇ ನೋಡಿದಳು.

"ನೀವು ಬಾಯಿ ತೆಗೆದ್ರೆ ಇಡೀ ಊರಿಗೆ ಕೇಳುತ್ತೆ. ಎದುರಿಗೆ ನಿಂತಿದ್ದ ಒಬ್ಬ ಹೆಂಗಸಿಗೆ ಕೇಳಿಸೋಕಾಗ್ಲಿಲ್ವಾ?"

ನಿಜ ಹೇಳಿದರೆ ಪಿಂಚಣಿ ಕೈತಪ್ಪಬಹುದು ಎಂದು ತೊದಲಿದ. ಅವಳು ಸೂಜಿಗೆ ದಾರ ಪೋಣಿಸುತ್ತ, ಬರದಿದ್ದರೆ ದಿನಕ್ಕೆ ಎರಡು ಅಂಗಿ ಹೆಚ್ಚು ಹೊಲಿಯುತ್ತೇನೆ, ನೀವು ಗುಂಡಿ ಹಾಕಿಕೊಡಿ, ಈ ಮುಖ ಹೊತ್ತುಕೊಂಡು ಮಾತ್ರ ಮನೆಯಲ್ಲಿ ಕೂರಬೇಡಿ ಎಂದಳು. ಅಷ್ಟು ಹೇಳಿ ಮತ್ತೆ ಯಂತ್ರ ತುಳಿಯತೊಡಗಿದಳು.

ಮರುದಿನ ಎಲ್ಲರಿಗಿಂತ ಮೊದಲೇ ಅವನು ಬೋರ್ಡಮ್ಮನ ಮೇಜಿನ ಮುಂದೆ ನಿಂತಿದ್ದ. ಹಳೆಯ ಕಡತಗಳ ಕೋಣೆಯ ಮೂಲೆಯಲ್ಲಿ ಅವಳಿಗೆ ಜಾಗ ಕೊಟ್ಟಿದ್ದರು. ರಾತ್ರಿಯೆಲ್ಲ ನಿದ್ದೆಗೆಟ್ಟವರಂತೆ ಕಣ್ಣು ಕೆಂಪಾಗಿದ್ದವು, ಮುಂದಿದ್ದ ಹಾಳೆಯ ತುಂಬ ಸಂಖ್ಯೆಗಳು. ಕಹಳೆ ನಿಂತುಕೊಂಡೇ ಹೇಳಿ ಮುಗಿಸಿದ. ಅವಳು ಬಯ್ಯಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಅವಳ ಮುಖ ಇಷ್ಟಗಲವಾಯಿತು. ನಡೆಯಿರಿ, ಇವತ್ತು ಅದನ್ನು ನನಗೆ ಮಾಡಿ ತೋರಿಸಿ ಎಂದು ಚೀಲ ಹೆಗಲಿಗೇರಿಸಿದಳು.

ಅಂದು ಬೆಳಗ್ಗೆ ನಡೆದ ಓಡಾಟವನ್ನು ಕೋರ್ಟಿನವರು ಬಹಳ ದಿನ ಹೇಳಿಕೊಂಡು ನಕ್ಕರು. ಹೆಸರು ಎರಡನೆಯ ಸಲ ಮಿನುಗಿದ ಕೂಡಲೇ ಅವಳು ಬೋರ್ಡನ್ನು ತಡೆದು ನಿಲ್ಲಿಸುವಳು, ಕಹಳೆ ಕೆಮ್ಮಿ ಹೊರಡುವನು, ಹಿಂದೆಯೇ ಅವಳು ಫೋನಿನಲ್ಲಿ ನಿಮಿಷ ಅಳೆಯುತ್ತ ಓಡುವಳು. ಒಬ್ಬ ಶೌಚಾಲಯದ ಸಾಲಿನಲ್ಲಿ ಆರನೆಯವನಾಗಿ ನಿಂತಿದ್ದ. ಇನ್ನೊಬ್ಬ ಜಾಮೀನಿಗೆ ಬೇಕಾದ ಕಾಗದವನ್ನು ಜೆರಾಕ್ಸ್ ಅಂಗಡಿಯಲ್ಲಿ ಕಳೆದುಕೊಂಡು ನೆಲದಲ್ಲಿ ಹುಡುಕುತ್ತಿದ್ದ. ಮತ್ತೊಬ್ಬ ಮೂರನೆಯ ಹಾಲಿನ ಬಾಗಿಲಲ್ಲಿ ಎರಡು ಗಂಟೆಯಿಂದ ಶಿಸ್ತಾಗಿ ಕೂತಿದ್ದ, ಅವನಿಗೆ ಹಾಲು ತಪ್ಪಿತ್ತು. ಅಂದು ಹುಡುಕಿದ ಐದು ಜನರಲ್ಲಿ ಒಬ್ಬ ಮಾತ್ರ ನಿಜವಾಗಿ ಬಂದಿರಲಿಲ್ಲ. ಬೋರ್ಡಮ್ಮ ಕೊನೆಗೆ ಕಹಳೆಯ ಸ್ಟೂಲಿನ ಮೇಲೆ ಕುಸಿದು ಕೂತು ಏದುಸಿರು ಬಿಟ್ಟಳು.

"ಡೀಸೆಲ್ಲಿಂದ ಹಿಡಿದು ಲಾಕಪ್ಪಿನ ಊಟದವರೆಗೆ ಎಲ್ಲ ಲೆಕ್ಕ ಹಾಕಿದ್ದೆ ಯಜಮಾನ್ರೇ. ನಿಮ್ಮ ಕಾಲಿನ ಲೆಕ್ಕ ಒಂದು ಬಿಟ್ಟುಹೋಗಿತ್ತು."

ಇದನ್ನು ವರದಿಯಲ್ಲಿ ಬರೆಯಲೇಬೇಕು, ಬರೆದರೆ ನಿಮ್ಮ ಪುಸ್ತಕದ ವಿಷಯವೂ ಹೊರಗೆ ಬರುತ್ತದೆ ಎಂದು ಅವಳೇ ಎಚ್ಚರಿಸಿದಳು. ಬರೆಯಲಾ ಎಂದು ಎರಡೆರಡು ಸಲ ಕೇಳಿದಳು. ಕಹಳೆ ಎರಡು ಸಲವೂ ಬರೆಯಿರಿ ಎಂದ.

ಎರಡು ದಿನ ಬಿಟ್ಟು ನ್ಯಾಯಾಧೀಶರ ಕೋಣೆಯಿಂದ ಇಬ್ಬರಿಗೂ ಕರೆ ಬಂತು. ಅವರು ಮಾತು ಕಡಿಮೆಯ ಮನುಷ್ಯ, ಮುಖ ನೋಡಿ ಏನನ್ನೂ ಊಹಿಸುವ ಹಾಗಿಲ್ಲ. ಮೇಜಿನ ಮೇಲೆ ವರದಿ, ಅದರ ಪಕ್ಕದಲ್ಲಿ ಕಹಳೆಯ ಕೂಗಿನ ಪುಸ್ತಕಗಳು ಸೊಂಟದೆತ್ತರ. ಇಪ್ಪತ್ತೆಂಟು ವರ್ಷ ಸುಳ್ಳು ಹೊತ್ತು ಬರೆದಿದ್ದೀರಿ ಎಂದರು. ಕಹಳೆ ಹೌದು ಎಂದ. ಅಷ್ಟೂ ವರ್ಷದಲ್ಲಿ ಮೊದಲ ಬಾರಿಗೆ ಅವನ ದನಿ ಮೇಜಿನಾಚೆಗೂ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಬೇಕಾಯಿತು.

ನ್ಯಾಯಾಧೀಶರು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸತೊಡಗಿದರು.

"ಇದು ದಿನಕ್ಕೆ ಹತ್ತು ಸಲ ಕೊಳೆಯಾಗುತ್ತೆ ಅಂತ ನೀವು ನಿಜವಾಗ್ಲೂ ನಂಬಿದ್ರಾ?"

ಕಹಳೆ ಬಾಯಿ ತೆರೆದವನು ಮುಚ್ಚುವುದನ್ನು ಮರೆತ. ಅವರು ಗಂಭೀರವಾಗಿಯೇ ವಿವರಿಸಿದರು. ಆರು ವರ್ಷದ ಹಿಂದೆ ತಾವು ಈ ಹಾಲಿಗೆ ಬಂದಾಗ, ಬಿಟ್ಟು ಹೋಗುತ್ತಿದ್ದ ನ್ಯಾಯಾಧೀಶರು ಬೀರುವಿನ ಬೀಗದ ಕೈಗಳ ಜೊತೆಗೆ ಒಂದು ಕಿವಿಮಾತನ್ನೂ ಕೊಟ್ಟು ಹೋಗಿದ್ದರು: ಎರಡನೆಯ ಕೂಗಾದ ಮೇಲೆ ಸ್ವಲ್ಪ ಕನ್ನಡಕ ಒರೆಸಿಕೊಳ್ಳಿ, ಬಾಗಿಲಿನವನು ಹೋಗಿ ಕರೆದುಕೊಂಡು ಬರುತ್ತಾನೆ. ಅವರಿಗೂ ಅವರ ಹಿಂದಿನವರು ಹಾಗೆಯೇ ಹೇಳಿದ್ದರಂತೆ, ಪಾಪ ಆ ಹಿಂದಿನವರಿಗೆ ಕನ್ನಡಕವಿರಲಿಲ್ಲ, ಗಡಿಯಾರಕ್ಕೆ ಕೀಲಿ ಕೊಡುತ್ತ ಕೂರುತ್ತಿದ್ದರಂತೆ. ಈಗ ತೊಂದರೆ ಏನೆಂದರೆ, ತಾವು ಕನ್ನಡಕ ಕಿವಿಯಿಂದ ತೆಗೆಯುವಷ್ಟರಲ್ಲಿ ಯಂತ್ರ ವಾರಂಟು ಅಚ್ಚು ಮಾಡಿರುತ್ತದೆ. ಬೋರ್ಡಮ್ಮ ನಗು ತಡೆಯಲಾರದೆ ಚೀಲದಲ್ಲಿ ಮುಖ ಹುದುಗಿಸಿ ವೈರು ಹುಡುಕುವವಳಂತೆ ನಟಿಸಿದಳು. ಸುಳ್ಳು ಹೊತ್ತು ಬರೆದದ್ದು ಕೋರ್ಟಿಗೆ ತಿಳಿದೇ ನಡೆದದ್ದು, ಅದರಲ್ಲಿ ಅರ್ಧ ಪಾಲು ತಮ್ಮದು ಎಂದು ನ್ಯಾಯಾಧೀಶರು ವರದಿಯ ಕೊನೆಗೆ ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಿದರು. ಮೇಲಿನ ಕಚೇರಿಯಿಂದ ಕೆಲವು ವಾರದ ಮೇಲೆ ಒಂದು ಸಾಲಿನ ಕಾಗದ ಬಂತು. ಇನ್ನು ಮುಂದೆ ಸರಿಯಾದ ಹೊತ್ತನ್ನೇ ಬರೆಯತಕ್ಕದ್ದು ಎಂದಿತ್ತು, ಪಿಂಚಣಿಯ ಸುದ್ದಿಯೇ ಇರಲಿಲ್ಲ.

ಬೋರ್ಡು ಉಳಿಯಿತು, ಕಹಳೆಯೂ ಉಳಿದ. ಹೊಸ ಏರ್ಪಾಡಿನಲ್ಲಿ ಹೆಸರು ಮಿನುಗುವಾಗಲೇ ಅವನೂ ಕೂಗಬೇಕು. ಎರಡು ಸಲ ಆದ ಮೇಲೆ ಯಂತ್ರ ತೆಪ್ಪಗೆ ನಿಲ್ಲುತ್ತದೆ, ಆಸಾಮಿಯ ಫೋನಿಗೆ ಕರೆ ಹೋಗುತ್ತದೆ, ಕಹಳೆ ತನ್ನ ಸುತ್ತು ಹೊರಡುತ್ತಾನೆ. ಅವನು ಹಿಂದಿರುಗಿ ಮೂರನೆಯ ಕೂಗು ಹಾಕಿ, ಕುತ್ತಿಗೆಗೆ ನೇತುಹಾಕಿಕೊಂಡ ಗುಂಡಿ ಒತ್ತುವವರೆಗೆ ಯಂತ್ರಕ್ಕೆ ಗೈರುಹಾಜರಿ ಹಾಕುವ ಅಧಿಕಾರವಿಲ್ಲ. ಎಷ್ಟು ನಿಮಿಷ ಕಾಯಬೇಕೆಂದು ಯಂತ್ರಕ್ಕೆ ತಿಳಿಸಲು ಬೋರ್ಡಮ್ಮ ಒಂದು ಸಂಖ್ಯೆ ಕೇಳಿದ್ದಳು. ಕುಂಟುವವನಿಗೆ ಒಂದು, ಮಗು ಎತ್ತಿಕೊಂಡವಳಿಗೆ ಒಂದು, ಹೆದರಿದವನಿಗೆ ಇನ್ನೊಂದು ಎಂದು ಇವನು ಬೆರಳು ಮಡಚುತ್ತ ಹೋದಾಗ ಅವಳೇ ಸೋತು ಗುಂಡಿ ಮಾಡಿಕೊಟ್ಟಳು.

ಫೋನಿನ ಕರೆಗೂ ಅವನದೇ ದನಿ ಬೇಕೆಂದು ಅವಳ ಹಟ. ಮೊದಲ ಸಲ ಅವನು ಬಾಗಿಲಲ್ಲಿ ಕೂಗುವ ಹಾಗೆಯೇ ಕೂಗಿ ಧ್ವನಿಮುದ್ರಣ ಮಾಡಿಸಿದ. ಅದನ್ನು ಕೇಳಿದ ಮೊದಲ ಆಸಾಮಿ ಫೋನನ್ನು ಚಹದ ಲೋಟದೊಳಗೆ ಬಿಟ್ಟ. ಮತ್ತೆ ಹತ್ತು ಸಲ ಪ್ರಯತ್ನಿಸಿದರೂ ಪ್ರಯೋಜನವಾಗಲಿಲ್ಲ. ಮೆಲ್ಲಗೆ ಹೇಳಿ ಎಂದರೆ ಮೆಲ್ಲಗೆ ಎಂಬ ಪದವನ್ನೇ ಅವನು ಕೂಗುತ್ತಿದ್ದ. ಕೊನೆಗೆ ಬೋರ್ಡಮ್ಮ ಮನೆಗೇ ಬಂದು ಅವನ ಹೆಂಡತಿಯನ್ನು ಎದುರಿಗೆ ಕೂರಿಸಿ, ಇವರಿಗೆ ಹೇಳಿ ಎಂದಳು. ಎಲ್ಲಿದ್ದೀರಿ, ನಿಮ್ಮ ಸರದಿ ಬಂದಿದೆ, ಗಾಬರಿ ಬೇಡ, ನಿಧಾನವಾಗಿ ಬಾಗಿಲ ಹತ್ತಿರ ಬನ್ನಿ ಎಂದು ಅವನು ಹೇಳಿದ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೂವತ್ತು ವರ್ಷದಲ್ಲಿ ನನ್ನ ಹತ್ತಿರ ಒಂದು ದಿನವೂ ಇಷ್ಟು ಮೆತ್ತಗೆ ಮಾತಾಡಿಲ್ಲ, ಇದನ್ನು ನನ್ನ ಫೋನಿಗೂ ಹಾಕಿಕೊಡಮ್ಮ ಎಂದಳು. ಆ ತಿಂಗಳ ಗೈರುಹಾಜರಿ ಏಳು. ಠಾಣೆಯ ಗಾಡಿಗಳು ಅಂಗಳದಲ್ಲಿ ನಿಂತು ಟೈರಿನ ಗಾಳಿ ಇಳಿದವು ಎಂದು ಬೋರ್ಡಮ್ಮ ಊರೆಲ್ಲ ಹೇಳಿಕೊಂಡು ಬಂದಳು.

ಇಷ್ಟೆಲ್ಲ ಆದರೂ ಕಹಳೆಗೆ ಒಂದು ತಾರೀಖಿನದೇ ಚಿಂತೆ. ನ್ಯಾಯಾಧೀಶರ ಮುಂದೆ ಒಪ್ಪಿಕೊಂಡದ್ದು ದೊಡ್ಡದಲ್ಲ, ಅಲ್ಲಿ ಹೋಗುವುದಿದ್ದರೆ ದುಡ್ಡು ಹೋಗುತ್ತಿತ್ತು. ಇಸ್ತ್ರಿಯವಳ ಮುಖ ಹೇಗೆ ನೋಡುವುದು ಎಂಬುದೇ ಅವನಿಗೆ ತಿಳಿಯದೆ, ಆ ದಿನ ಬೆಳಗ್ಗೆ ಊಟದ ಡಬ್ಬಿ ಮನೆಯಲ್ಲೇ ಮರೆತು ಬಂದಿದ್ದ.

ಅವಳು ಎಂದಿನಂತೆ ಎಂಟೂವರೆಗೇ ಬಂದು ಗೋಡೆಗೆ ಒರಗಿ ನಿಂತಿದ್ದಳು. ಕೋರ್ಟು ಕೂತು, ಅವಳ ಸರದಿ ಹತ್ತಿರ ಬಂದಾಗ ಕಹಳೆ ಸ್ಟೂಲು ಬಿಟ್ಟೆದ್ದು ಅವಳ ಹತ್ತಿರ ಹೋದ. ಅವಳೇ ಮೊದಲು ಮಾತು ತೆಗೆದಳು. ಎರಡು ದಿನ ಕೈಗೆ ಬಿಸಿ ತಾಗದೆ ಹಾಯಾಗಿತ್ತು, ಲಾಕಪ್ಪಿನ ಪೊಲೀಸಮ್ಮನ ಸಮವಸ್ತ್ರದ ಮಡಿಕೆ ನೋಡಲಾಗದೆ ಒಳಗಿನಿಂದಲೇ ಪಾಠ ಹೇಳಿಕೊಟ್ಟೆ, ಈಗ ಆ ಠಾಣೆಯ ಬಟ್ಟೆಯೆಲ್ಲ ನನ್ನ ಗಾಡಿಗೇ ಬರುತ್ತಿದೆ ಎಂದು ನಕ್ಕಳು. ಅವನಿಗೆ ನಗು ಬರಲಿಲ್ಲ. ಅವತ್ತು ನಾನು ನಿನ್ನನ್ನು ನೋಡಿದ್ದೆ, ಬೋರ್ಡಿನಲ್ಲಿ ಇದ್ದದ್ದು ನಿನ್ನ ಹೆಸರು ಎಂದು ಗೊತ್ತಿದ್ದೂ ಬೇಕೆಂದೇ ಸುಮ್ಮನಿದ್ದೆ ಎಂದು, ತಡವರಿಸಿದರೂ ಪೂರ್ತಿ ಹೇಳಿದ. ಹೇಳಿ ತಲೆ ತಗ್ಗಿಸಿ ನಿಂತ.

ಅವಳ ನಗು ನಿಂತಿತು.

"ನಾನೂ ನಿಮ್ಮನ್ನ ನೋಡಿದ್ದೆ ಅಣ್ಣ. ನೀವು ಅಲ್ಲೇ ಕೂತಿದ್ರಲ್ಲ, ಅದಕ್ಕೇ ಧೈರ್ಯವಾಗಿ ನಿಂತಿದ್ದೆ. ಅಣ್ಣ ಇನ್ನೂ ಕೂಗಿಲ್ಲ, ಅಂದ್ರೆ ನನ್ನ ಸರದಿ ಬಂದಿಲ್ಲ ಅಂದ್ಕೊಂಡೆ."

ಅದರಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದ್ದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಚೊಂಬಿನ ನೀರು ಎರಚಿದ್ದರೂ ತಡೆದುಕೊಳ್ಳುತ್ತಿದ್ದ. ಆ ಮಾತು ಎದೆಗೆ ನಾಟಿ ಅಲ್ಲೇ ಉಳಿಯಿತು. ಅಷ್ಟರಲ್ಲಿ ಬೋರ್ಡಿನಲ್ಲಿ ಟಿಂಗ್ ಎಂದು ಅವಳ ಹೆಸರೇ ಮೂಡಿತು. ಅವನು ಕೂಗಲು ಬಾಯಿ ತೆರೆದ, ದನಿ ಹೊರಡಲಿಲ್ಲ. ಎರಡನೆಯ ಸಲ ಮಿನುಗಿತು. ಉಸಿರು ಮಾತ್ರ ಹೊರಬಂತು. ಯಂತ್ರ ತನ್ನ ಪಾಡಿಗೆ ಅವನಿಗಾಗಿ ಕಾಯುತ್ತ ನಿಂತಿತು, ಒಳಗೆ ನ್ಯಾಯಾಧೀಶರು ಕನ್ನಡಕ ತೆಗೆದರು, ಅವಳ ಸೊಂಟದ ಚೀಲದಲ್ಲಿ ಫೋನು ಗುಣುಗುಟ್ಟಿತು. ಅವಳು ಅದನ್ನು ತೆಗೆಯಲಿಲ್ಲ. ಹೋಗಿ ಬಿಡಬಹುದಿತ್ತು, ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು. ಹೋಗದೆ ಅವನ ಎದುರಿಗೇ ನಿಂತಿದ್ದಳು.

"ಕೂಗಿ ಅಣ್ಣ. ನೀವು ಕೂಗದೆ ನಾನು ಹೋಗಲ್ಲ."

ಅವನು ಅವಳ ಹೆಸರನ್ನು ಕರೆದ. ಮನೆಯೊಳಗೆ ತಂಗಿಯನ್ನು ಕರೆಯುವಷ್ಟೇ ದನಿಯಲ್ಲಿ ಕರೆದ. ಮೆಟ್ಟಿಲಲ್ಲಿದ್ದವರಿಗೂ ಅದು ಕೇಳಿಸಲಿಲ್ಲ. ಅವಳು ಬಂದೆ ಎಂದು ಓಗೊಟ್ಟು, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.